ಗೊಬ್ಬರದ ಪೆಟ್ಟಿಗೆಯಲ್ಲಿ ಫ್ರಾನ್ಸ್

ನಾನು ಯಾವ ಕೆಲಸವನ್ನೂ ಪಟ್ಟಿ ಮಾಡಿಕೊಳ್ಳದೆ ಶುರು ಮಾಡುವವನಲ್ಲ. ಪಟ್ಟಿ ಮಾಡಿಕೊಳ್ಳುವವರಿಗೇ ಪಟ್ಟಿಯಲ್ಲಿಲ್ಲದ್ದು ಹೆಚ್ಚಾಗಿ ಆಗುತ್ತದೆ ಎಂಬುದು ಚಾಮರಾಜನಗರಕ್ಕೆ ಬಂದ ಮೇಲೆ ತಿಳಿಯಿತು. ಈಗಲೂ ತಿಂಗಳಿಗೊಂದಾದರೂ ಆಗುತ್ತಲೇ ಇದೆ. ಮೊದಲ ವರ್ಷದ ಕೆಲವನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಬಿ.ಎಸ್ಸಿ. ಮುಗಿದ ಕೂಡಲೇ ನನಗೊಂದು ಸರ್ಕಾರಿ ಕೆಲಸ ಸಿಕ್ಕಿತು. ಹಳ್ಳಿಹಳ್ಳಿಗೆ ಮ್ಯಾಜಿಕ್ ಲ್ಯಾಂಟರ್ನ್ ಒಯ್ಯುವುದು, ಗಾಜಿನ ಚಿತ್ರಗಳನ್ನು ತೆರೆಯ ಮೇಲೆ ದೊಡ್ಡದಾಗಿ ಬಿಟ್ಟು ಜನರಿಗೆ ವಿವರಿಸುವುದು. ಕೆಲಸ ಒಂದು ವರ್ಷದ ಮಟ್ಟಿಗೆ. ಇಪ್ಪತ್ತನೆಯ ಪ್ರದರ್ಶನದ ದಿನ ಇಲಾಖೆಯ ಇನ್‌ಸ್ಪೆಕ್ಟರು ಬರುತ್ತಾರೆ. ಅವರು ಒಪ್ಪಿದರೆ ಖಾಯಂ. ಒಪ್ಪದಿದ್ದರೆ ಮೈಸೂರಿನಲ್ಲಿ ಸೋದರಮಾವನ ಎಣ್ಣೆ ಅಂಗಡಿ. ಅಲ್ಲಿ ಮಾವ ನನಗೆಂದೇ ಒಂದು ಮಣೆ ತೆಗೆದಿರಿಸಿದ್ದರು. ಪ್ರತಿ ಕಾಗದದಲ್ಲೂ ಮನೆಯವರ ಯೋಗಕ್ಷೇಮದ ಜೊತೆಗೆ ಮಣೆಯ ಯೋಗಕ್ಷೇಮವನ್ನೂ ತಿಳಿಸುತ್ತಿದ್ದರು.

೧. ಪೆಟ್ಟಿಗೆ

ರೈಲಿನಲ್ಲಿ ಬಂದ ಪೆಟ್ಟಿಗೆಯ ಮೇಲೆ ‘ಗೊಬ್ಬರ ಮತ್ತು ಗ್ರಾಮ ನೈರ್ಮಲ್ಯ, ನಲವತ್ತು ಚಿತ್ರಗಳು’ ಎಂದು ಚೀಟಿ ಅಂಟಿಸಿತ್ತು. ತೆರೆದು ಮೊದಲ ಗಾಜನ್ನು ಬೆಳಕಿಗೆ ಹಿಡಿದೆ. ಒಂದು ಹೊಳೆ, ಅದರ ಮೇಲೊಂದು ಕಲ್ಲಿನ ಸೇತುವೆ, ಆಚೆ ಒಂದು ಹಳೆಯ ಚರ್ಚು. ಎರಡನೆಯದರಲ್ಲಿ ಎರಡೂ ಬದಿಗೆ ನೆಟ್ಟನೆಯ ಮರಗಳಿದ್ದ ದಾರಿ. ಮೂರನೆಯದರಲ್ಲಿ ಇನ್ನೊಂದು ಚರ್ಚು. ನಲವತ್ತರಲ್ಲಿ ಗೊಬ್ಬರ ಎಲ್ಲೂ ಕಾಣಲಿಲ್ಲ.

ಜೊತೆಗೆ ಇಂಗ್ಲಿಷಿನ ಒಂದು ಟಿಪ್ಪಣಿ ಇತ್ತು. ಯಾರೋ ಇಂಗ್ಲಿಷ್ ಪ್ರವಾಸಿ ಫ್ರಾನ್ಸಿನ ಹಳ್ಳಿನಾಡಿನಲ್ಲಿ ನಡೆದುಕೊಂಡೇ ಹೋಗಿ, ದಾರಿಯ ಹಳೆಯ ಚರ್ಚುಗಳನ್ನೆಲ್ಲ ನೋಡಿ ತೆಗೆದ ಚಿತ್ರಗಳಂತೆ. ಹೊಳೆಯ ಸೇತುವೆಯಿಂದ ಹೊರಟು, ಕೊನೆಗೆ ಒಂದು ಬೆಟ್ಟದ ತುದಿಯ ಪುಟ್ಟ ಚರ್ಚಿಗೆ ಮುಟ್ಟುವ ದಾರಿ. ಪೆಟ್ಟಿಗೆಗಳು ಎಲ್ಲೋ ಅದಲುಬದಲಾಗಿದ್ದವು.

ಕಚೇರಿಗೆ ಬರೆದೆ. ಮೂರು ಸಲ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: “ಪೆಟ್ಟಿಗೆಯ ಮೇಲೆ ಬರೆದಿರುವುದೇ ಪೆಟ್ಟಿಗೆಯ ಒಳಗೆ ಇರತಕ್ಕದ್ದು. ಪ್ರದರ್ಶನ ಮುಂದುವರಿಸಿ.”

ಲ್ಯಾಂಟರ್ನು ಸಾಗಿಸಲು ಹರದನಹಳ್ಳಿಯ ಒಬ್ಬ ಹಿರಿಯನ ಎತ್ತಿನ ಗಾಡಿ ಗೊತ್ತುಮಾಡಿದ್ದೆ. ಆತನಿಗೆ ವಿಷಯ ಹೇಳಿ, “ಗೊಬ್ಬರದ ಬದಲು ಚರ್ಚು ತೋರಿಸಿದರೆ ಜನ ಏನಂದಾರು?” ಎಂದು ಕೇಳಿದೆ.

ಗಾಡಿಯಾತ ಒಂದು ಗಾಜನ್ನು ಸೂರ್ಯನಿಗೆ ಹಿಡಿದು ಬಹಳ ಹೊತ್ತು ನೋಡಿದ. “ಇದೇ ವಾಸಿ ಬುಡಿ ಮೇಷ್ಟ್ರೇ. ಗೊಬ್ರ ನೋಡಾಕ ದೀಪ ಯಾಕ? ನಮ್ಮನ ಮುಂದ್ಲೇ ಅದ.”

೨. ಬೂಟು

ಮೊದಲ ಪ್ರದರ್ಶನ ಹರದನಹಳ್ಳಿಯ ಶಾಲೆಯಲ್ಲಿ, ಮಧ್ಯಾಹ್ನ. ಕತ್ತಲೆ ಬೇಕಲ್ಲ, ಊರಿನವರು ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರು. ಒಳಗೆ ಕುರಿಯ ವಾಸನೆ, ಗ್ಯಾಸ್ ದೀಪದ ಕಾವು, ಇನ್ನೂರು ಜನ.

ನನ್ನ ಪಟ್ಟಿಯಂತೆ ದೀಪ ಹೊತ್ತಿಸಿದೆ, ತೆರೆ ಬಿಗಿದೆ, ಮೊದಲೆರಡು ಗಾಜು ತೋರಿಸಿ ಮೂರನೆಯದನ್ನು ಹಾಕಿದೆ. ತೆರೆಯ ತುಂಬ ಚರ್ಚಿನ ಬಾಗಿಲು, ಸವೆದ ಮೆಟ್ಟಿಲು. ಚಿತ್ರ ಎಷ್ಟು ಚೊಕ್ಕಟವಾಗಿತ್ತೆಂದರೆ ನಾನೇ ಟಿಪ್ಪಣಿ ಕೆಳಗಿಟ್ಟು ನೋಡುತ್ತ ನಿಂತೆ. ಅಷ್ಟರಲ್ಲಿ ಮುಂದಿನ ಎರಡು ಸಾಲು ಧಡಧಡ ಎದ್ದು ಬಾಗಿಲು ತೆಗೆದು ಹೊರಗೆ ನಡೆಯಿತು. ಒಳಗೆ ಬಿಸಿಲು ನುಗ್ಗಿ ಫ್ರಾನ್ಸು ಮಾಯವಾಯಿತು.

ಯಾರಿಗಾದರೂ ಮನಸ್ಸಿಗೆ ನೋವಾಯಿತೇನೋ ಎಂದು ಓಡಿಹೋಗಿ ನೋಡಿದೆ. ಎಲ್ಲರೂ ಮೆಟ್ಟು ಬಿಡುತ್ತಿದ್ದರು.

“ಗುಡಿ ಬಾಗ್ಲಲ್ಲಿ ಮೆಟ್ಟಾಕ್ಕಂಡು ಕೂತ್ಕಳಾಕಾದ್ದ?” ಎಂದಳು ಒಬ್ಬ ಅಜ್ಜಿ.

“ಅದು ಬರೀ ಚಿತ್ರ ಅಮ್ಮ. ಅಲ್ಲದೆ ಅದು ಕ್ರಿಸ್ತರ ಗುಡಿ.”

“ಯಾರ್ದಾದ್ರೇನ ಮಗ? ದೇವ್ರ ಮನ ಬಾಗ್ಲು ತಾನೆ?” ಎಂದು ಒಳಗೆ ಬಂದವಳು ನನ್ನ ಕಾಲ ಕಡೆ ನೋಡಿದಳು. ಇನ್ನೂರು ಜನವೂ ನೋಡಿದರು.

ಬೂಟು ಬಿಚ್ಚಿದೆ. ಮೂರನೆಯ ಚಿತ್ರ ಬದಲಿಸುವಾಗ ದೀಪದ ಕಾದ ಮುಚ್ಚಳ ಕೆಳಗೆ ಬಿತ್ತು, ನಾನು ಅದರ ಮೇಲೆ ಕಾಲಿಟ್ಟೆ. ತೆರೆಯ ಮುಂದೆ ನಾನು ಒಂಟಿ ಕಾಲಲ್ಲಿ ಕುಣಿದದ್ದನ್ನು ನೋಡಿ ಅಜ್ಜಿ ಪಕ್ಕದವಳಿಗೆ ಹೇಳಿದಳು: “ನೋಡ್ದೇನಮ್ಮಿ, ಆ ದೇವ್ರು ಎಷ್ಟು ಬಿಗಿ! ಬೂಟಲ್ಲಿ ನಿಂತಿದ್ಕ ಆಗ್ಲೇ ತೋರಿಸ್ಬುಡ್ತು.”

೩. ಹಸು

ಹದಿನಾಲ್ಕನೆಯ ಚಿತ್ರ ನನಗೆ ಬಹಳ ಇಷ್ಟವಾದದ್ದು. ಊರ ನಡುವೆ ಒಂದು ಎತ್ತರದ ಚರ್ಚಿನ ಗೋಪುರ, ಗೋಪುರದಲ್ಲಿ ಒಂದು ಗಡಿಯಾರ. ಕೆಳಗೆ ಒಬ್ಬ ಹೆಂಗಸು ಹಸುವಿನ ಹಾಲು ಕರೆಯುತ್ತಿದ್ದಳು. ನಾನು ಕೋಲು ಹಿಡಿದು ಗೋಪುರದ ತುದಿಯಿಂದ ಶುರು ಮಾಡಿ ಅದರ ವಯಸ್ಸು, ಕಟ್ಟಡದ ರೀತಿ ಎಲ್ಲ ಹೇಳುತ್ತಿದ್ದೆ.

ಉಡಿಗಾಲ ಎಂಬ ಊರಿನಲ್ಲಿ ಹೀಗೆ ಹೇಳುತ್ತಿರುವಾಗ ಒಬ್ಬ ರೈತ ಎದ್ದು ನಿಂತ. “ಮೇಷ್ಟ್ರೇ, ಚಿತ್ರ ತಿರುವಾಕಿದ್ದೀರಿ.”

ಗಾಜುಗಳ ಮೂಲೆಗೆಲ್ಲ ನಾನೇ ಬಿಳಿ ಚುಕ್ಕೆ ಇಟ್ಟಿದ್ದೆ. ಚುಕ್ಕೆ ಎಡಗೈ ಹೆಬ್ಬೆರಳಿಗೆ ಬಂದರೆ ಚಿತ್ರ ಸರಿ. ನೋಡಿದೆ. ಹೆಬ್ಬೆರಳಿನ ಕೆಳಗೇ ಇತ್ತು.

“ಸರಿಯಾಗಿದೆಯಲ್ಲ.”

“ಎಲ್ಲಿ ಸರಿಯದ? ಆ ಹೆಣ್ಮಗ ಹಸಿನ ಬಲಗಡ ಕೂತವಳ. ಯಾರಾರ ಬಲಗಡ ಕೂತು ಕರ್ದಾರ?”

“ಇಲ್ಲ ಇಲ್ಲ” ಎಂದು ಇಡೀ ಉಡಿಗಾಲ ಎಡಗೈ ಎತ್ತಿ ತೋರಿಸಿತು.

ಅಲ್ಲಿಯ ಪದ್ಧತಿ ಬೇರೆ ಇರಬಹುದು ಎಂದೆ. ದೇಶ ಯಾವುದಾದರೂ ಹಸುವಿಗೆ ಒಂದೇ ಬುದ್ಧಿ ಎಂದರು. ಸರಿ, ಗಾಜು ತಿರುಗಿಸಿ ಹಾಕಿದೆ. ಹೆಂಗಸು ಎಡಗಡೆಗೆ ಬಂದಳು. “ಹಾ, ಈಗ ಹಾಲು ಇಳೀತದ” ಎಂದು ಎಲ್ಲರೂ ನೆಮ್ಮದಿಯಾಗಿ ಕೂತರು.

ನನಗೆ ನೆಮ್ಮದಿ ಇರಲಿಲ್ಲ. ಕೋಲಿನಿಂದ ಗೋಪುರ ತೋರಿಸಿದೆ. “ಗಡಿಯಾರ ನೋಡಿ. ಮೂರು ಇರಬೇಕಾದ ಕಡೆ ಒಂಬತ್ತು ಬಂದಿದೆ. ಮುಳ್ಳು ಹಿಂದಕ್ಕೆ ಓಡುತ್ತದೆ. ನಾನು ಮೊದಲು ಹಾಕಿದ್ದೇ ಸರಿ ಎನ್ನುವುದಕ್ಕೆ ಇದು ಪುರಾವೆ.”

ಪುರಾವೆ ಎಂದ ಮೇಲೆ ಒಪ್ಪಲೇಬೇಕು ಎಂದುಕೊಂಡಿದ್ದೆ. ರೈತ ಗಡಿಯಾರವನ್ನೂ ನೋಡಿದ, ಹಸುವನ್ನೂ ನೋಡಿದ.

“ಗಡಿಯಾರ ಎತ್ತಗಾರ ಓಡ್ಲಿ ಬುಡಿ ಮೇಷ್ಟ್ರೇ. ಅದು ಒದೆಯಾಕಿಲ್ಲ.”

೪. ಹೊರೆ

ಚಂದಕವಾಡಿಯಲ್ಲಿ ಆದದ್ದು ಚಿಕ್ಕದು.

ಹತ್ತೊಂಬತ್ತನೆಯ ಚಿತ್ರದಲ್ಲಿ ಬಯಲು ದಾರಿಯ ಕವಲಿನಲ್ಲಿ ಒಂದು ಕಲ್ಲಿನ ಶಿಲುಬೆ ಇತ್ತು. ನಮ್ಮ ದಾರಿಗಳಲ್ಲಿ ತಲೆಹೊರೆ ಇಳಿಸಲು ಎರಡು ಕಂಬ ನೆಟ್ಟು ಮೇಲೊಂದು ಅಡ್ಡಗಲ್ಲು ಇಟ್ಟಿರುತ್ತಾರಲ್ಲ, ಚಂದಕವಾಡಿಯ ಹೆಂಗಸರು ಇದೂ ಅದೇ ಎಂದರು. “ಒಂದು ಕಂಬ ಬಿದ್ದೋಗದ, ಪಾಪ. ಯಾರೂ ಎತ್ತಿ ನಿಲ್ಸಿಲ್ಲ.”

ನಾನು ಸ್ವಲ್ಪ ಗಟ್ಟಿಯಾಗಿಯೇ ತಿದ್ದಿದೆ. ಅದು ಪೂಜೆಯ ಗುರುತು, ಹೊರೆಗೂ ಅದಕ್ಕೂ ಸಂಬಂಧವಿಲ್ಲ, ಟಿಪ್ಪಣಿಯಲ್ಲೇ ಇದೆ ಎಂದು ಓದಿ ತೋರಿಸಿದೆ. ಓದುತ್ತಾ ಹಾಳೆ ಮಗುಚಿದೆ. ಹಿಂಬದಿಯಲ್ಲಿ ನಾನು ಅದುವರೆಗೆ ನೋಡದ ಎರಡು ಸಾಲು ಇದ್ದವು. ಸಂತೆಗೆ ಹೋಗುವ ಹೆಂಗಸರು ಇದರ ಬುಡದ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಾರೆ ಎಂದು ಬರೆದಿತ್ತು.

ಓದಿದ್ದನ್ನು ಹೇಳದೆ ಇರಲಾಗಲಿಲ್ಲ. ಹೇಳಿದೆ.

ಯಾರೂ ನಗಲಿಲ್ಲ. ಒಬ್ಬಾಕೆ ಸಮಾಧಾನ ಮಾಡಿದಳು: “ಓಗ್ಲಿ ಬುಡಪ್ಪ. ಕಾಗ್ದ ಕೈಯಲ್ಲೇ ಹೊತ್ತಿದ್ದೀಯ. ತಲ ಮೇಲ ಹೊರೆ ಹೊತ್ತಿದ್ರ ಗೊತ್ತಾಗ್ತಿತ್ತು.”

೫. ಬಿರುಕು

ತೆರಕಣಾಂಬಿಯಲ್ಲಿ ಒಬ್ಬ ಕಲ್ಲುಕೆಲಸದ ಹಿರಿಯ ಬಂದಿದ್ದ. ಒಂಬತ್ತನೆಯ ಚಿತ್ರ ಬಂತು. ದುಂಡು ಕಮಾನಿನ ಬಹಳ ಹಳೆಯ ಚರ್ಚು. ಮೇಲೆ ಹಾವಸೆ ಹಿಡಿದ ಕಲ್ಲು, ಹಿಂದೆ ಮಂಜು.

“ನಿಲ್ಸಿ” ಎಂದ. ಎದ್ದು ತೆರೆಯ ಹತ್ತಿರ ಹೋಗಿ ಕಮಾನಿನ ಕಲ್ಲುಗಳನ್ನು ಬೆರಳಿನಿಂದ ಎಣಿಸಿದ. “ಗಾರೆ ಇಲ್ದಂಗ ಕೂರ್ಸವ್ರ. ನಡುಗಲ್ಲು ನೋಡಿ, ಮದುವ ಗಂಡಿನಂಗ ಕೂತದ. ಇದ ಮಾಡ್ದೋನ ಕೈಗ ಒಂದು ಸಲ ಮುಟ್ಟಿ ನಮಸ್ಕಾರ ಮಾಡ್ಬೇಕು.” ಎಣಿಕೆ ತಪ್ಪಿತೆಂದು ಮೊದಲಿಂದ ಎಣಿಸಿದ.

ನನಗೆ ಒಳಗೊಳಗೇ ದಿಗಿಲು. ಗಾಜು ಎರಡು ನಿಮಿಷಕ್ಕಿಂತ ಹೆಚ್ಚು ದೀಪದ ಮುಂದೆ ಇರಬಾರದು. “ಅಜ್ಜ, ಮುಂದಿನದಕ್ಕೆ ಹೋಗೋಣವೆ?”

“ತಡೀರಿ. ಎಲ್ಲ ಚೆಂದಾಗದ, ಒಂದು ಕಡೆ ಎಡವಟ್ಟು ಮಾಡವ್ನ. ಈ ಮೂಲೆ ಕಲ್ಲು ನೋಡಿ, ಅಡ್ಡಡ್ಡ ಮಲಗಿಸ್ಬೇಕಿತ್ತು, ನೆಟ್ಟಗ ನಿಲ್ಸವ್ನ. ಭಾರ ತಡಿಯಾಕಿಲ್ಲ. ಒಂದಲ್ಲ ಒಂದಿನ ಇಲ್ಲಿಂದ್ಲೇ ಬಿರುಕು ಬುಡ್ತದ.”

“ಎಂಟು ನೂರು ವರ್ಷದಿಂದ ನಿಂತಿದೆ ಅಂತ ಟಿಪ್ಪಣಿಯಲ್ಲಿದೆ ಅಜ್ಜ.”

“ನಿಂತಿರ್ಬೋದು. ಬಿರುಕು ಬುಡದೇ ಇರಾಕಿಲ್ಲ.”

ಟಕ್ ಎಂದಿತು. ಕಾದ ಗಾಜು ಬಿರಿದು, ಸರಿಯಾಗಿ ಅದೇ ಮೂಲೆಯಿಂದ ಸೂರಿನವರೆಗೆ ಕರಿಯ ಗೆರೆಯೊಂದು ಚರ್ಚಿನ ಗೋಡೆಯ ಮೇಲೆ ಸರ್ರನೆ ಹತ್ತಿತು. ಜನ ಹೋ ಎಂದು ಎದ್ದರು. ಹಿಂದಿನ ಸಾಲಿನವರು ಬಾಗಿಲ ಕಡೆ ಓಡಿದರು. ನಾನು ಉಷ್ಣದಿಂದ ಗಾಜು ಹಿಗ್ಗುವ ನಿಯಮವನ್ನು ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಕಲ್ಲುಕೆಲಸದವನ ಸುತ್ತ ನಿಂತಿದ್ದರು.

ಹಿರಿಯ ಹೆಮ್ಮೆಪಡಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಆ ಊರ್ನೋರ್ಗ ಒಂದು ಕಾಗ್ದ ಹಾಕ್ಬುಡಿ. ಒಳ್ಗ ಯಾರೂ ಮಲಗ್ಬಾರ್ದು.”

೬. ಇಪ್ಪತ್ತನೆಯದು

ಇಪ್ಪತ್ತನೆಯ ಪ್ರದರ್ಶನ ಗುಂಡ್ಲುಪೇಟೆಯಲ್ಲಿ, ಕೇರಳದ ಕಡೆ ಹೋಗುವ ಗಾಡಿಗಳು ತಂಗುವ ಹಳೆಯ ಛತ್ರದಲ್ಲಿ. ಇನ್‌ಸ್ಪೆಕ್ಟರು ಬರುವ ಕಾಗದ ನಾಲ್ಕು ದಿನ ಮೊದಲೇ ಬಂದಿತ್ತು. “ಗೊಬ್ಬರದ ವಿಷಯದಲ್ಲಿ ಜನರ ತಿಳಿವಳಿಕೆಯನ್ನು ಖುದ್ದಾಗಿ ಪರೀಕ್ಷಿಸಲಾಗುವುದು.” ಅದೇ ದಿನ ಮಾವನ ಕಾಗದವೂ ಬಂತು. ಮಣೆಗೆ ಹೊಸ ಕಾಲು ಹಾಕಿಸಿದ್ದರಂತೆ.

ಇನ್‌ಸ್ಪೆಕ್ಟರು ಬಂದ ಕೂಡಲೇ ನಿಜ ಹೇಳಿಬಿಡಬೇಕು ಎಂದು ಪಟ್ಟಿಯ ಮೊದಲ ಸಾಲಿನಲ್ಲೇ ಬರೆದುಕೊಂಡಿದ್ದೆ. ಆದರೆ ಅವರ ಜೀಪು ದಾರಿಯಲ್ಲಿ ಕೆಟ್ಟು, ಅವರು ಬರುವ ಹೊತ್ತಿಗೆ ನಲವತ್ತನೆಯ ಚಿತ್ರವಾದ ಬೆಟ್ಟದ ತುದಿಯ ಚರ್ಚೂ ಮುಗಿದಿತ್ತು. ಗಾಡಿಯಾತ ಕಿಟಕಿಯ ಕಂಬಳಿ ಬಿಚ್ಚುತ್ತಿದ್ದ.

“ಸಾರ್, ಪೆಟ್ಟಿಗೆಯ ವಿಷಯ ಒಂದು ಮಾತು...”

“ಆಮೇಲೆ. ನಾನು ಪೆಟ್ಟಿಗೆ ನೋಡಲು ಬಂದವನಲ್ಲ, ಜನರನ್ನು ನೋಡಲು ಬಂದವನು” ಎಂದು ಅವರು ಕುರ್ಚಿ ಎಳೆದುಕೊಂಡು ಕೂತು ಪುಸ್ತಕ ತೆಗೆದರು. ಮುಂದೆ ಕೂತಿದ್ದ ಒಬ್ಬ ಅರಿಸಿನ ಬೆಳೆಗಾರನನ್ನು ಕರೆದು ಕೇಳಿದರು: “ಏನಪ್ಪಾ, ಇವತ್ತು ಗೊಬ್ಬರದ ವಿಷಯ ಏನು ನೋಡಿದೆ?”

ಅರಿಸಿನದಾತ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನೆಲದಲ್ಲಿ ನನಗೆ ಮಣೆಯೇ ಕಾಣಿಸಿತು.

“ಗೊಬ್ರವಾ ಬುದ್ಧಿ? ಅದೇ, ಆ ಎತ್ರದ ಗುಡಿ ಊರ್ದು ತಾನೆ?”

“ಯಾವ ಊರದಾದರೂ ಸರಿ, ಹೇಳು.”

“ಆ ಹೆಣ್ಮಗ ಹಸ ಕರೀತಾಳಲ್ಲ, ಅವ್ಳ ಬೆನ್ನಿಂದ್ಗಡ ತಿಪ್ಪೆ. ತಿಪ್ಪೆನಾ ಅದು? ಗೋಡ ಕಣ್ ಬುದ್ಧಿ! ನಾಕು ಮೂಲನೂವೆ ದಾರ ಹಿಡ್ದು ಕುಯ್ದಂಗದ. ಒಂದು ಪದ್ರ ಹುಲ್ಲು, ಒಂದು ಪದ್ರ ಸಗಣಿ. ತುಳ್ದು ತುಳ್ದು ಕೂರ್ಸವ್ರ. ಗಂಜಲ ಹರ್ದೋಗ್ದಂಗ ಸುತ್ತ ಸಣ್ಣ ಕಾಲ್ವ, ಕೊನೇಲಿ ಗುಂಡಿ. ನಾವೂ ಹಾಕ್ತೀವಿ. ಒಂದು ಮಳ ಬಂದ್ರ ನಮ್ಮ ಗೊಬ್ರದ ಸಾರೆಲ್ಲ ಪಕ್ಕದೋನ ಹೊಲಕ್ಕ.”

ಹಿಂದಿನಿಂದ ಒಬ್ಬಾಕೆ ಸೇರಿಸಿದಳು: “ದೊಡ್ಡ ಮನ ಮುಂದ ದೊಡ್ಡ ತಿಪ್ಪೆ, ಚಿಕ್ಕ ಮನ ಮುಂದ ಚಿಕ್ಕದು. ಆ ಊರಲ್ಲಿ ತಿಪ್ಪೆ ನೋಡೇ ಹೆಣ್ಣು ಕೊಡ್ತಾರ ಅಂತ ಕಾಣ್ತದ.”

ನಾನು ತಲೆ ಎತ್ತಿದೆ. ಹದಿನಾಲ್ಕನೆಯ ಚಿತ್ರವನ್ನು ಇಪ್ಪತ್ತು ಸಲ ತೋರಿಸಿದ್ದೆ. ಇಪ್ಪತ್ತು ಸಲವೂ ನನ್ನ ಕೋಲು ಗೋಪುರದ ತುದಿಯಲ್ಲೇ ಇತ್ತು. ಕೆಳಗೆ ಅಂಥದೊಂದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಇನ್‌ಸ್ಪೆಕ್ಟರ ಪೆನ್ನು ನಿಲ್ಲಲಿಲ್ಲ. “ಭೇಷ್! ಹಾಗಾದರೆ ನೀವೂ ಅದೇ ರೀತಿ ಮಾಡಬಹುದಲ್ಲ?”

“ಮಾಡ್ಬೋದು ಬುದ್ಧಿ. ಒಂದೇ ತೊಂದ್ರ. ತಿಪ್ಪೆ ಬಿಸ್ಲಿಗ ಒಣಗ್ಬಾರ್ದು. ಅವರ್ಗ ಗುಡಿ ಗೋಪುರದ ನೆಳ್ಳು ಬೀಳ್ತದ. ನಮ್ಗ ಅಷ್ಟೆತ್ರದ್ದು ಏನದ? ಸರ್ಕಾರ ಒಂದು ಗೋಪುರ ಕಟ್ಸಿಕೊಟ್ರ, ತಿಪ್ಪೆ ನಾವು ಹಾಕ್ತೀವಿ.”

ಅದನ್ನೂ ಅವರು ಬರೆದುಕೊಂಡರು.

ಜೀಪಿನ ಹತ್ತಿರ ನಾನು ಬಿಡಲಿಲ್ಲ. ಟಿಪ್ಪಣಿಯನ್ನೂ ನಾಲ್ಕು ಗಾಜನ್ನೂ ಕೈಗೆ ಕೊಟ್ಟು, ಪೆಟ್ಟಿಗೆ ತಪ್ಪಿ ಬಂದದ್ದು, ನಾನು ವರ್ಷವಿಡೀ ಚರ್ಚುಗಳನ್ನೂ ಬೆಟ್ಟದ ದಾರಿಯನ್ನೂ ತೋರಿಸಿದ್ದು ಎಲ್ಲ ಹೇಳಿದೆ. ಅವರು ಗಾಜನ್ನು ಆಕಾಶಕ್ಕೆ ಹಿಡಿದು ಒಂದೊಂದಾಗಿ ನೋಡಿದರು. ಮರಗಳ ಸಾಲಿನ ದಾರಿಯನ್ನು ಎರಡು ಸಲ ನೋಡಿದರು.

“ಚೆನ್ನಾಗಿದೆ” ಎಂದರು. “ಪೆಟ್ಟಿಗೆಯ ಮೇಲೆ ಏನು ಬರೆದಿದೆ?”

“ಗೊಬ್ಬರ, ಸಾರ್.”

“ಜನ ಏನು ಕಲಿತಿದ್ದಾರೆ?”

“ಗೊಬ್ಬರ, ಸಾರ್.”

“ಮತ್ತೆ ನೀವೊಬ್ಬರು ಯಾಕೆ ನಡುವೆ ತಕರಾರು ಮಾಡುತ್ತೀರಿ?” ಎಂದು ಜೀಪು ಹತ್ತಿದರು.

ತಿಂಗಳೊಳಗೆ ಕೆಲಸ ಖಾಯಂ ಆಯಿತು. ಮಣೆಯ ಮೇಲೆ ಈಗ ಹರಳೆಣ್ಣೆ ಡಬ್ಬ ಇಟ್ಟಿರುವುದಾಗಿ ಮಾವ ಸ್ವಲ್ಪ ಬೇಸರದಿಂದ ಬರೆದರು.

ಇನ್ನೆರಡು ತಿಂಗಳಿಗೆ ನಿಜವಾದ ಗೊಬ್ಬರದ ಪೆಟ್ಟಿಗೆ ಬಂತು. ಅದನ್ನು ಮೊದಲು ಗುಂಡ್ಲುಪೇಟೆಯಲ್ಲೇ ತೋರಿಸುವುದು ನ್ಯಾಯ ಎಂದುಕೊಂಡು ಅದೇ ಛತ್ರಕ್ಕೆ ಹೋದೆ. ಜನ ಹೊರಗೆ ಮೆಟ್ಟು ಬಿಟ್ಟು ಬಂದು ಕೂತರು. ತೆರೆಯ ಮೇಲೆ ಒಂದು ಮಾದರಿ ಗೊಬ್ಬರದ ಗುಂಡಿ ಮೂಡಿತು. ಬಟ್ಟಬಯಲು, ಪಕ್ಕದಲ್ಲಿ ಬಿಳಿ ಅಂಗಿಯ ಒಬ್ಬರು ಕೈಯಲ್ಲಿ ಕೋಲು ಹಿಡಿದು ನಿಂತಿದ್ದರು. ಅದನ್ನು ತಯಾರಿಸಿದ ತಜ್ಞರು ಅವರೇ ಎಂದು ವಿವರಿಸಿದೆ.

ಅರಿಸಿನದಾತ ಎದ್ದು, ತೆರೆಯ ಎರಡೂ ಅಂಚನ್ನು ಹುಡುಕಿ ನೋಡಿ, ಕನಿಕರದಿಂದ ಹೇಳಿದ:

“ಗುಡಿ ಇಲ್ಲ, ನೆಳ್ಳಿಲ್ಲ, ಬಿಸ್ಲಲ್ಲಿ ಮಡಗವ್ರ. ಪಾಪ, ಯಾರೋ ತಿಳೀದೋರು. ಒಂದು ಸಲ ಫ್ರಾನ್ಸ್‌ಗ ಓಗಿ ನೋಡ್ಕಂಡು ಬರಾಕ ಹೇಳಿ ಮೇಷ್ಟ್ರೇ. ದಾರಿ ಬೇಕಾರ ನಾವು ಹೇಳ್ತೀವಿ.”